ಕರಡಿಯ ಹೋಟೆಲು

ಗುರುಪಾದಪ್ಪ ಕರಡಿಯ ತಲೆಯನ್ನು ಕಳಚಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟಾಗ ಅದರೊಳಗಿಂದ ಎದ್ದ ನಾತಕ್ಕೆ ವಸಂತಕುಮಾರ ಮೂಗು ಮುಚ್ಚಿಕೊಂಡ. ಹಳೆಯ ಬೆವರು, ಗುಟ್ಕಾ, ಒದ್ದೆಯಾಗಿ ಸರಿಯಾಗಿ ಒಣಗದ ಹತ್ತಿ, ಎಲ್ಲ ಸೇರಿದ ನಾತ. ದಿನಾ ಬೆಳಿಗ್ಗೆ ಟಿವಿಯ ಮುಂದೆ ಕೂತ ಮಕ್ಕಳೆಲ್ಲ ತಬ್ಬಿಕೊಳ್ಳಬೇಕೆಂದು ಹಟ ಹಿಡಿಯುವ ಕರಡಿ ಇದೇ. ಅದರ ಕೆಂಪು ಬಟ್ಟೆಯ ನಾಲಿಗೆಯ ಮೇಲೆ ಯಾವುದೋ ಮಗುವಿನ ಸಿಂಬಳ ಒಣಗಿ ಬಿಳಿ ಗೆರೆಯಾಗಿತ್ತು.

"ವಾರಕ್ಕೊಮ್ಮೆ ತೊಳಿತೀವಿ ಅಂತಾರ್ರಿ. ಯಾವ ವಾರ ಅಂತ ಮಾತ್ರ ಹೇಳಂಗಿಲ್ಲ," ಎಂದ ಗುರುಪಾದಪ್ಪ, ಕುತ್ತಿಗೆ ಒರೆಸಿಕೊಳ್ಳುತ್ತ. ಅವನು ವಿಜಾಪುರದ ಕಡೆಯವನು. ಠಾಣೆಯ ವಾಗ್ಳೆ ಎಸ್ಟೇಟಿನ ಈ ಶೆಡ್ಡಿನಲ್ಲಿ ಮೊದಲು ನಟ್ಟು ಬೋಲ್ಟು ಮಾಡುತ್ತಿದ್ದರು. ಆಗ ಅವನು ಇಲ್ಲೇ ಮಶೀನಿನ ಮುಂದೆ ನಿಲ್ಲುತ್ತಿದ್ದ. ಕಾರ್ಖಾನೆ ಮುಚ್ಚಿ ಶೆಡ್ಡು ಸ್ಟುಡಿಯೋ ಆಯಿತು, ಅವನು ಕರಡಿಯಾದ.

ವಸಂತಕುಮಾರ ಕಾಲಬಳಿ ಇಟ್ಟುಕೊಂಡಿದ್ದ ಸ್ಟೀಲ್ ಡಬ್ಬಿಯನ್ನು ಕರಡಿಯಿಂದ ಸ್ವಲ್ಪ ದೂರ ಸರಿಸಿದ. ಅದರಲ್ಲಿ ಇಡ್ಲಿ ಇತ್ತು. ಬೆಳಗಿನ ಮೊದಲ ಒಬ್ಬೆ, ಅವನ ತಾಯಿ ಅಕ್ಕು ಸ್ವತಃ ನಿಂತು ಇಳಿಸಿದ್ದು. ನವಿ ಮುಂಬಯಿಯ ಸೀವುಡ್ಸ್ ಸ್ಟೇಷನ್ನಿನ ಹತ್ತಿರ ಅವರದ್ದೊಂದು ಸಣ್ಣ ಹೋಟೆಲು, ಹೆಸರು ‘ಅಕ್ಕು ಫಾಸ್ಟ್‌ಫುಡ್’. ಉಡುಪಿ ಕಡೆಯಿಂದ ಬಂದ ತಾಯಿಯ ಕೈರುಚಿಯ ಮೇಲೆ ನಿಂತ ಹೋಟೆಲು ಅದು. ಡಬ್ಬಿಯ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪುಟ್ಟ ಬೋರ್ಡೂ ಇತ್ತು. ಅದೇ ಹೆಸರನ್ನು ಹಿಂದಿಯಲ್ಲಿ, ಹಳದಿಯ ಮೇಲೆ ಕೆಂಪಿನಲ್ಲಿ, ಪೇಂಟರನ ತಲೆ ತಿಂದು ಬರೆಸಿದ್ದ.

‘ಝುನ್‌ಝುನಾ ಘರ್’ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳ ಕಾರ್ಯಕ್ರಮ. ಒಂದು ಹಾಡು, ಒಂದು ಕಾಗದ ಗೋಂದಿನ ಕೆಲಸ, ಕೊನೆಗೊಂದು ಸುಳ್ಳಾಟ. ಡಾಕ್ಟರ್ ಆಟ, ಬಸ್ಸಿನ ಆಟ, ಅಂಗಡಿ ಆಟ. ಮನೆಯಲ್ಲಿ ಕೂತು ನೋಡುವಾಗ ಕಣ್ಣಿಗೆ ಹಬ್ಬ. ಇಲ್ಲಿ ಬಂದು ನೋಡಿದರೆ ಮಕ್ಕಳು ಕತ್ತರಿಸಿದ್ದೆಂದು ತೋರಿಸುವ ಕಾಗದದ ಹೂಗಳನ್ನು ಮೂಲೆಯಲ್ಲಿ ಬೀಡಿ ಸೇದುತ್ತ ಕೂತ ಇಬ್ಬರು ಗಂಡಸರು ಕತ್ತರಿಸುತ್ತಿದ್ದರು. ಮಕ್ಕಳದ್ದು ಕೊನೆಯ ಚುಕ್ಕಿ ಅಂಟಿಸುವ ಕೆಲಸ ಮಾತ್ರ. ಕಾರ್ಯಕ್ರಮ ನಡೆಸಿಕೊಡುವ ರಿಂಕಿ ದೀದಿ ಕ್ಯಾಮೆರಾ ಇರುವಷ್ಟು ಹೊತ್ತು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುದ್ದಿಸುತ್ತಿದ್ದಳು. ಕ್ಯಾಮೆರಾ ನಿಂತದ್ದೇ ತಡ, ಮಗುವನ್ನು ಕೆಳಗಿಳಿಸಿ ಒದ್ದೆ ಕಾಗದದಿಂದ ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದಳು. ಮಕ್ಕಳು ಅದನ್ನು ನೋಡುತ್ತ ನಿಲ್ಲುತ್ತಿದ್ದವು. ನೋಡಿ ನೋಡಿ ವಸಂತಕುಮಾರನಿಗೆ ಹೇಸಿಗೆ ಹುಟ್ಟಿತ್ತು. ಆದರೂ ಬರುತ್ತಿದ್ದ.

ಬರುತ್ತಿದ್ದುದಕ್ಕೆ ಕಾರಣವಿತ್ತು. ಮಗಳು ಮಾನಸಿಗೆ ಐದು ವರ್ಷ. ನಿರ್ದೇಶಕ ಮನೀಷ್ ಮೂಲ್ಕಿಯವರ ಮಗ, ಠಾಣೆಯಲ್ಲೇ ಹುಟ್ಟಿ ಬೆಳೆದವ; ಕನ್ನಡ ಸಂಘದ ಗಣಪತಿ ಹಬ್ಬದಲ್ಲಿ ಮಾನಸಿಯ ಕುಣಿತ ನೋಡಿ ಅವನೇ ಕರೆದಿದ್ದ. ಬಂದು ಹೋಗುವ ಮಕ್ಕಳು ಬೇಕಾದಷ್ಟಿದ್ದರು. ಆದರೆ ಕರಡಿಯ ಮನೆಯಲ್ಲಿ ಯಾವಾಗಲೂ ಇರುವ ಒಬ್ಬ ಹುಡುಗಿ ಬೇಕಿತ್ತು, ಅದು ಇವತ್ತಿನ ಶೂಟಿಂಗಿನಲ್ಲಿ ತೀರ್ಮಾನವಾಗುವುದಿತ್ತು. ತಾವಿದ್ದ ನೆರೂಳದ ಬಿಲ್ಡಿಂಗಿನಲ್ಲಿ, ಹೋಟೆಲಿನ ಗಿರಾಕಿಗಳಲ್ಲಿ, ಊರಿನ ನೆಂಟರಲ್ಲಿ ಅವನು ಹೇಳದೆ ಬಿಟ್ಟವರು ಯಾರೂ ಇರಲಿಲ್ಲ. ಆಗದೆ ಹೋದರೆ ಯಾರ ಮುಖ ನೋಡುವುದು ಎನ್ನುವ ಮಟ್ಟಕ್ಕೆ ತಂದುಕೊಂಡಿದ್ದ.

ಇವತ್ತಿನ ಸುಳ್ಳಾಟ ಹೋಟೆಲಿನದ್ದು. ನಿನ್ನೆ ಥರ್ಮೋಕೋಲಿನ ಇಡ್ಲಿ ಇಟ್ಟು ಅಭ್ಯಾಸ ಮಾಡಿಸಿದ್ದರು. ಕರಡಿ ಬಡಿಸುವುದು, ಮಗು ಬಾಯಿಯ ಹತ್ತಿರ ಒಯ್ದು ತಿಂದ ಹಾಗೆ ಮಾಡುವುದು, ‘ವಾಹ್, ಮಜಾ ಆ ಗಯಾ’ ಎನ್ನುವುದು. ಮಾನಸಿ ಚೆನ್ನಾಗಿಯೇ ಮಾಡಿದ್ದಳು. ಆದರೆ ದೀಪದ ಕೆಳಗೆ ಥರ್ಮೋಕೋಲು ಥರ್ಮೋಕೋಲಾಗಿಯೇ ಕಂಡಿತು. ನಿಜವಾದ ಇಡ್ಲಿ ಎಲ್ಲಿ ಸಿಗುತ್ತದೆ ಎಂದು ಮನೀಷ್ ಕೇಳಿದ್ದಕ್ಕೆ ವಸಂತಕುಮಾರ ಎದೆ ಉಬ್ಬಿಸಿ, "ಇಡ್ಲಿಗೆ ನೀವು ಬೇರೆ ಕಡೆ ಹೋಗುವುದಾ? ನಾನಿಲ್ಲವಾ?" ಎಂದಿದ್ದ. ಹಾಗಾದರೆ ಹೋಟೆಲಿನ ಬೋರ್ಡೂ ಇಡೋಣ ಅಂಕಲ್ ಎಂದು ಮನೀಷನೇ ಹೇಳಿದ್ದ.

ಬೆಳಿಗ್ಗೆ ನೆರೂಳದಲ್ಲಿ ಠಾಣೆಯ ಲೋಕಲ್ ಹತ್ತಿದ ಮೇಲೆ ಮಾನಸಿ ಡಬ್ಬಿಯನ್ನು ತಟ್ಟಿ, ಇವತ್ತಿನದು ನಿಜದ್ದೋ ಸುಳ್ಳಾಟದ್ದೋ ಎಂದು ಕೇಳಿದ್ದಳು. "ಪಪ್ಪಾ, ಆಜ್ ಕಾ ಸಚ್ಚೀ ವಾಲಾ ಹೈ, ಯಾ ಝೂಠ್‌ಮೂಠ್ ವಾಲಾ?"

"ಸಚ್ಚೀದ್ದೇ ಮಗಾ. ಅಜ್ಜಿ ಮಾಡಿದ್ದು," ಎಂದಿದ್ದ ಅವನು. ಮಗಳು ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುವವಳು. ಅಜ್ಜಿ ಮಾಡಿದ್ದು ಎಂದ ಮೇಲೆ ಅವಳಿಗೆ ಮತ್ತೇನೂ ಕೇಳಬೇಕೆನಿಸಲಿಲ್ಲ.

ಸೆಟ್ಟಿನಲ್ಲಿ ಬಣ್ಣದ ರಟ್ಟಿನ ಹೋಟೆಲು ಎದ್ದು ನಿಂತಿತ್ತು. ಮೇಲೆ ಅವನ ಬೋರ್ಡನ್ನೂ ನೇತುಹಾಕಿಯಾಗಿತ್ತು. ಅದನ್ನು ನೋಡಿ ಒಂದು ಕ್ಷಣ ಅವನ ಹೇಸಿಗೆಯೆಲ್ಲ ಇಳಿದುಹೋಯಿತು. ಅಷ್ಟರಲ್ಲಿ ಸಾಮಾನು ನೋಡಿಕೊಳ್ಳುವವನೊಬ್ಬ ಡಬ್ಬಿ ತೆಗೆದು, ಉಗುರಿನ ಸಂದಿಯಲ್ಲಿ ಕಪ್ಪು ತುಂಬಿದ ಬೆರಳಲ್ಲಿ ಇಡ್ಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ ತಟ್ಟೆಗೆ ಹಾಕಿದ. ಮೇಲೆ ಮೇಕಪ್ಪಿನವರ ಪೆಟ್ಟಿಗೆಯಿಂದ ಕೂದಲಿಗೆ ಹೊಡೆಯುವ ಸ್ಪ್ರೇ ತಂದು ಇಡ್ಲಿಯ ಮೇಲೆ ಸುತ್ತಲೂ ಹೊಡೆದ. ಇಡ್ಲಿ ಮಿಂಚತೊಡಗಿತು.

"ಅರೆ, ಅದೆಂತ ಮಾಡ್ತಾ ಇದ್ದೀರಿ? ಖಾನೇ ಕೀ ಚೀಜ್ ಹೈ," ಎಂದ ವಸಂತಕುಮಾರ.

"ಖಾನಾ ಥೋಡೀ ಹೈ ಅಂಕಲ್, ದಿಖಾನಾ ಹೈ," ಎಂದು ಮನೀಷ್ ಮಾನಿಟರಿನಿಂದ ಕಣ್ಣು ತೆಗೆಯದೆ ನಕ್ಕ. "ತೋರಿಸೋಕೆ ಮಾತ್ರ, ತಿನ್ನೋಕಲ್ಲ. ಲೈಟಿಗೆ ಒಣಗಿ ಬಿರಿಯುತ್ತೆ. ಚಿಂತೆ ಮಾಡ್ಬೇಡಿ."

ಹೋಟೆಲಿನಲ್ಲಿ ಯಾರಾದರೂ ಇಡ್ಲಿಯ ಹತ್ತಿರ ಕೆಮ್ಮಿದರೂ ಎದ್ದು ಹೋಗಿ ಗದರಿಸುವ ಮನುಷ್ಯ ವಸಂತಕುಮಾರ. ಇಲ್ಲಿ ಮಾತ್ರ ತಲೆಯೆತ್ತಿ ಇನ್ನೊಮ್ಮೆ ಬೋರ್ಡು ನೋಡಿದ. ಮಗಳಿಗೆ ಒಂದು ಮಾತು ಹೇಳಬೇಕಿತ್ತು. ಅವಳಾಗಲೇ ಕಾಗದದ ಟೋಪಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದಳು, ದೀಪಗಳು ಹೊತ್ತಿದ್ದವು, ಯಾರೋ ‘ಸೈಲೆನ್ಸ್’ ಎಂದರು.

ಗರಮಾ ಗರಂ ಎಂದು ಹಾಡು ಶುರುವಾಯಿತು. ಕರಡಿ ಕುಣಿಯುತ್ತ ಬಂದು ತಟ್ಟೆ ಇಟ್ಟಿತು. ಮಾನಸಿ ಇಡ್ಲಿಯನ್ನು ನೋಡಿದಳು, ಗುರುತು ಹಿಡಿದಳು, ಮುರಿದಳು, ಬಾಯಿಗಿಟ್ಟಳು. ಅಗಿದಳು. ಅವಳ ಹುಬ್ಬು ಗಂಟಿಕ್ಕಿದ್ದು ವಸಂತಕುಮಾರನಿಗೆ ಕಂಡಿತು. ಆದರೂ ನುಂಗಿದಳು. ಅವಳ ಮನೆಯಲ್ಲಿ ತಟ್ಟೆಗೆ ಬಿದ್ದದ್ದನ್ನು ಬಿಡುವ ಹಾಗಿರಲಿಲ್ಲ. ಹೋಟೆಲಿನಲ್ಲಿ ಅರ್ಧ ಬಿಟ್ಟು ಎದ್ದ ಗಿರಾಕಿಯನ್ನು ಅಕ್ಕು ಬಾಗಿಲವರೆಗೆ ದುರುಗುಟ್ಟಿ ನೋಡುತ್ತಿದ್ದಳು. ಮೊಮ್ಮಗಳಿಗೆ ಮಾತು ಬರುವ ಮೊದಲೇ ಅಭ್ಯಾಸ ಮಾಡಿಸಿದ್ದಳು: ಪೂರ್ತಿ ತಿನ್ನಬೇಕು, ಖಾಲಿ ತಟ್ಟೆ ಎತ್ತಿ ತೋರಿಸಬೇಕು, ಆಮೇಲೆ ಅಜ್ಜಿ ‘ಬಂಗಾರ’ ಎನ್ನುತ್ತಾಳೆ.

"ಕ್ಯಾ ನ್ಯಾಚುರಲ್ ಹೈ. ರೋಲಿಂಗ್, ರೋಲಿಂಗ್," ಮನೀಷ್ ಪಿಸುಗುಟ್ಟಿದ. ಅವನ ಮುಖ ಅರಳಿತ್ತು.

ವಸಂತಕುಮಾರನಿಗೆ ಎಲ್ಲ ಗೊತ್ತಿತ್ತು. ಆ ಇಡ್ಲಿಯ ಮೇಲೆ ಏನಿದೆ ಎನ್ನುವುದು ಗೊತ್ತಿತ್ತು, ಅದು ಯಾರ ಹೊಟ್ಟೆಗೆ ಹೋಗುತ್ತಿದೆ ಎನ್ನುವುದೂ ಗೊತ್ತಿತ್ತು. ನಾಲ್ಕು ಹೆಜ್ಜೆ ಹೋಗಿ ತಟ್ಟೆ ಕಸಿದುಕೊಂಡರೆ ಮುಗಿಯುತ್ತಿತ್ತು. ಆದರೆ ಕ್ಯಾಮೆರಾ ಓಡುತ್ತಿತ್ತು. ಮಗಳು ಎರಡನೆಯ ಇಡ್ಲಿಯನ್ನೂ ಕಣ್ಣಲ್ಲಿ ನೀರು ತುಂಬಿಕೊಂಡು ತಿಂದು ಮುಗಿಸಿ, ಖಾಲಿ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ, ಕ್ಯಾಮೆರಾವನ್ನು ದಾಟಿ ಅಪ್ಪನಿಗೆ ತೋರಿಸಿದಳು.

"ಕಟ್!" ಎಂದದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಮಾನಸಿ ಮೇಜಿನ ಮೇಲೆಯೇ ಕಾರಿದಳು.

ರಿಂಕಿ ದೀದಿ ಲಂಗ ಎತ್ತಿಕೊಂಡು ಹಿಂದೆ ಸರಿದು, "ಛೀ, ಯಾರ್, ಕೋಯೀ ಸಾಫ್ ಕರೋ," ಎಂದಳು. ಮೂಲೆಯ ಬೀಡಿಯವನು ಹೂ ಕತ್ತರಿಸಿ ಉಳಿದ ಕಾಗದದ ಚೂರು ತಂದು ಅದರ ಮೇಲೆ ಉದುರಿಸಿದ. ಬಣ್ಣಬಣ್ಣದ ಚೂರುಗಳು ಅದರಲ್ಲಿ ನೆನೆದು ಬಣ್ಣ ಬಿಟ್ಟವು. ವಸಂತಕುಮಾರ ಮಗಳನ್ನು ಎತ್ತಿಕೊಂಡು ಹೊರಗಿನ ನಲ್ಲಿಗೆ ಓಡಿದ. ಬಾಯಿ ತೊಳೆಸಿದ. ಅವಳ ಬಾಯಿಯಿಂದ ಬ್ಯೂಟಿ ಪಾರ್ಲರಿನ ವಾಸನೆ ಬರುತ್ತಿತ್ತು. ಅವಳು ಮತ್ತೊಮ್ಮೆ ಅವನ ಅಂಗಿಯ ಮೇಲೆ ಕಾರಿಕೊಂಡಳು. ಆಮೇಲೆ ಸುಧಾರಿಸಿಕೊಂಡು, "ಅಜ್ಜೀ ಕಾ ಇಡ್ಲೀ ಗಂದಾ ಹೋ ಗಯಾ," ಎಂದು ಅಜ್ಜಿಯ ಇಡ್ಲಿ ಕೆಟ್ಟುಹೋಯಿತೆಂದು ದೂರಿದಳು.

ಆಗಲೇ ಫೋನು ಬಂತು. ಹೆಂಡತಿ ಪೂಜಿತಾ ಬೇಲಾಪುರದ ಆಫೀಸಿನಿಂದ.

"ಹೇಗೆ ನಡೀತಾ ಉಂಟು?"

"ಲಾಯ್ಕ ಆಗ್ತಾ ಉಂಟು. ಎಲ್ಲರೂ ಚಪ್ಪಾಳೆ ತಟ್ಟಿದ್ರು," ಎಂದ ವಸಂತಕುಮಾರ. ಎಡಗೈಯಲ್ಲಿ ಅಂಗಿಯ ಮೇಲಿನದ್ದನ್ನು ಕೊಡವುತ್ತಿದ್ದ. ತನ್ನ ಧ್ವನಿ ಇಷ್ಟು ಸಲೀಸಾಗಿ ಬಂದದ್ದು ಕೇಳಿ ಅವನಿಗೆ ತನ್ನ ಮೇಲೇ ಥೂ ಎನಿಸಿತು.

ಗುರುಪಾದಪ್ಪ ಕರಡಿಯ ತಲೆಯನ್ನು ಕಂಕುಳಲ್ಲಿ ಹಿಡಿದು ನಲ್ಲಿಯ ಹತ್ತಿರ ಬಂದ. "ಕೂಸಿನ್ನ ಮನಿಗೆ ಕರ್ಕೊಂಡು ಹೋಗ್ರಿ ಸಾಹೇಬ್ರ," ಎಂದ. ಸ್ವಲ್ಪ ತಡೆದು, "ಇಲ್ಲಾಂದ್ರ ಲಗೂನ ಮುಗಸ್ರಿ. ಈ ತೊಗಲಿನ್ಯಾಗ ನನ್ನ ಜೀವಾನೂ ಹೋಗಾಕತ್ತೈತಿ," ಎಂದ.

ಅವನ ಹಿಂದೆಯೇ ಮನೀಷ್ ಬಂದು ಮಾನಸಿಯ ಕೆನ್ನೆ ತಟ್ಟಿದ. "ಅಂಕಲ್, ಅವಳೇ ನಮ್ಮ ಹುಡುಗಿ. ಫಿಕ್ಸ್. ಆದರೆ ಶಾಟ್ ಬೇಕಾರ್ ಆಯ್ತು. ಕುಣಿಯುವಾಗ ಕರಡಿಯ ತಲೆ ಜಾರಿ ಇವನ ಕುತ್ತಿಗೆ ಕಾಣಿಸಿದೆ. ಇನ್ನೊಂದು ಸಲ ಮಾಡ್ಬೇಕು. ಈ ಸಲ ತಿನ್ನೋದು ಬೇಡ, ತಿಂದ ಹಾಗೆ ಮಾಡಿದ್ರೆ ಸಾಕು. ನೀವೇ ಹೇಳಿ ಅವಳಿಗೆ, ನಿಮ್ಮ ಮಾತು ಕೇಳ್ತಾಳೆ."

ಗೇಟಿನ ಹೊರಗೆ ರಿಕ್ಷಾಗಳು ನಿಂತಿದ್ದವು. ವಸಂತಕುಮಾರ ಅವುಗಳ ಕಡೆ ನೋಡಿದ. ಮನೀಷ್ ಕಾಯುತ್ತಿದ್ದ. ಆಮೇಲೆ ವಸಂತಕುಮಾರ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕರ್ಚೀಫಿನಿಂದ ಅವಳ ಬಾಯಿ ಒರೆಸಿದ.

"ಮಗಾ, ಇನ್ನು ಒಂದೇ ಸಲ. ಈ ಸಲ ತಿನ್ನಲಿಕ್ಕಿಲ್ಲ. ತುಟಿಗೆ ತಾಗಿಸಲೂಬೇಡ. ಸುಮ್ಮನೆ ಬಾಯಿ ಆಡಿಸಿ ನಗು, ಆಯ್ತಾ?"

"ಸಚ್ಚೀ ವಾಲಾ ನಹೀ ಹೈ?"

"ಅಲ್ಲ. ಝೂಠ್‌ಮೂಠಿದ್ದು."

"ಪರ್ ಆಪ್ನೇ ಬೋಲಾ ಥಾ, ಅಜ್ಜೀನೇ ಬನಾಯಾ."

ಅಜ್ಜಿ ಮಾಡಿದ್ದು ಎಂದು ಬೆಳಿಗ್ಗೆ ಹೇಳಿದ್ದು ಅವನೇ. ಎತ್ತಿಕೊಂಡು ಒಳಗೆ ಹೋದ. ಬೇರೆ ಫ್ರಾಕು ಹಾಕಿದರು, ಕೆನ್ನೆಗೆ ಬಣ್ಣ ಬಳಿದರು, ಡಬ್ಬಿಯಲ್ಲಿ ಉಳಿದ ಇಡ್ಲಿಗಳಿಗೂ ಸ್ಪ್ರೇ ಹೊಡೆದರು. ಮಾನಸಿ ಒಂದೇ ಸಲಕ್ಕೆ ಮಾಡಿ ಮುಗಿಸಿದಳು. ಇಡ್ಲಿ ಮುರಿದಳು, ತುಟಿಯ ಹತ್ತಿರ ನಿಲ್ಲಿಸಿದಳು, ಖಾಲಿ ಬಾಯಿ ಆಡಿಸಿದಳು, ಹೊಟ್ಟೆ ಸವರಿಕೊಂಡು ‘ವಾಹ್, ಮಜಾ ಆ ಗಯಾ’ ಎಂದು ನಕ್ಕಳು. ಆ ನಗು ರಿಂಕಿ ದೀದಿಯ ನಗುವಿನ ಹಾಗೇ ಇತ್ತು. ‘ಕಟ್’ ಎಂದ ತಕ್ಷಣ ನಿಂತೂ ಹೋಯಿತು. ಮೊದಲ ಶಾಟಿನಲ್ಲಿ ಕಾರಿದ್ದನ್ನು ಒರೆಸುವಾಗ ಬೋರ್ಡಿಗೂ ತಾಗಿತ್ತೆಂದು ಅದನ್ನು ಇಳಿಸಿ ಗೋಡೆಗೆ ಒರಗಿಸಿದ್ದರು. ಅದನ್ನು ಅವನು ಕೇಳಲಿಲ್ಲ, ವಾಪಸ್ಸು ತರಲೂ ಇಲ್ಲ.

ಸಂಜೆ ಸೀವುಡ್ಸಿನಲ್ಲಿ ಆಫೀಸು ಬಿಟ್ಟ ಜನ ಹೋಟೆಲಿಗೆ ಬರತೊಡಗಿದ್ದರು. ದಾರಿಯಲ್ಲಿ ಡಾಕ್ಟರಿಗೆ ತೋರಿಸಿ, ಅಂಗಿ ಬದಲಿಸಿ ಬಂದಿದ್ದ ವಸಂತಕುಮಾರ ತಾಯಿಯ ಹತ್ತಿರ ವಾಂತಿಯ ಸುದ್ದಿ ಎತ್ತಿರಲಿಲ್ಲ. ಮಗಳು ಫಿಕ್ಸ್ ಆದಳು ಎಂದಷ್ಟೇ ಹೇಳಿದ. ಅಕ್ಕು ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಮ್ಮಗಳಿಗೆ ದೃಷ್ಟಿ ತೆಗೆದಳು.

"ಬೆಳಗಿಂದ ಎಂತದೂ ತಿನ್ನಲಿಲ್ವಾ ನೀನು? ಮುಖ ಸಣ್ಣ ಆಗಿದೆ. ಕೂತ್ಕೋ," ಎಂದು ಆಗಷ್ಟೇ ಇಳಿಸಿದ ಇಡ್ಲಿಗಳ ಮೇಲೆ ತುಪ್ಪ ಹಾಕಿ ತಂದಿಟ್ಟಳು. ಸಾಂಬಾರಿನ ಸೌಟು ಹಿಡಿದು ಪಕ್ಕದಲ್ಲೇ ನಿಂತಳು.

ಮಾನಸಿ ಇಡ್ಲಿ ಮುರಿದಳು. ತುಟಿಯ ಹತ್ತಿರ ನಿಲ್ಲಿಸಿದಳು. ಖಾಲಿ ಬಾಯಿ ಆಡಿಸಿದಳು, ಹೊಟ್ಟೆ ಸವರಿಕೊಂಡಳು, "ವಾಹ್, ಮಜಾ ಆ ಗಯಾ," ಎಂದಳು. ಪಕ್ಕದ ಮೇಜಿನ ಗಿರಾಕಿಗಳು ನಕ್ಕರು. ಚೂರನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ತುಂಬಿದ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಅಜ್ಜಿಗೆ ತೋರಿಸಿದಳು.

ಅಕ್ಕು ‘ಬಂಗಾರ’ ಎನ್ನಲು ಬಾಯಿ ತೆರೆದವಳು ತಟ್ಟೆ ನೋಡಿದಳು. "ಎಂತ ಮಾಡಿ ತಂದಿದ್ದೀಯೋ ಈ ಮಗುವನ್ನು?" ಎಂದು ಮಗನನ್ನು ಕೇಳಿದಳು.

ವಸಂತಕುಮಾರ ಗಲ್ಲಾ ಬಿಟ್ಟು ಎದ್ದು ಬಂದು ಮಗಳ ಎದುರು ಕೂತ. "ನೋಡು ಮಗಾ, ಇದು ಸಚ್ಚೀದ್ದು. ನಾನು ತಿಂದು ತೋರಿಸ್ತೇನೆ," ಎಂದು ಒಂದು ಚೂರು ಮುರಿದು ಬಾಯಿಯ ಹತ್ತಿರ ಒಯ್ದ. ತುಪ್ಪದ ಪರಿಮಳದ ಹಿಂದಿನಿಂದ ಸ್ಟುಡಿಯೋದ ಆ ಸ್ಪ್ರೇಯ ವಾಸನೆ ನೆನಪಾಗಿ ಎದ್ದು ಬಂತು. ಕೈ ತುಟಿಯ ಮುಂದೆ ನಿಂತುಬಿಟ್ಟಿತು.

ಮಾನಸಿ ಅವನ ಕೈಯನ್ನೇ ನೋಡುತ್ತಿದ್ದಳು. ಹೀಗೇ ಮಾಡಬೇಕು ಎನ್ನುವಂತೆ ಖುಷಿಯಿಂದ ತಲೆಯಾಡಿಸಿ, "ಹಾಂ ಪಪ್ಪಾ, ಐಸೇ ಹೀ," ಎಂದಳು.

ಅಕ್ಕು ಸೌಟು ಹಿಡಿದುಕೊಂಡೇ ನಿಂತಿದ್ದಳು. ತಟ್ಟೆಯ ಇಡ್ಲಿಯಿಂದ ಏಳುತ್ತಿದ್ದ ಹಬೆ ನಿಧಾನವಾಗಿ ಕಡಿಮೆಯಾಗುತ್ತಿತ್ತು.