ಇಪ್ಪತ್ತಮೂರು ತಣ್ಣನೆಯ ಟ್ರ್ಯಾಪ್‌ಗಳು

೧೯೭೪ರ ಮಾರ್ಚ್ ೧೧, ಸೋಮವಾರ. ಬಟ್ಟೆ ಗಿರಣಿಯ ಉಗಿ ಪೈಪುಗಳ ಮೇಲಿದ್ದ ಟ್ರ್ಯಾಪ್‌ಗಳು ಇನ್ನೂರ ಹದಿನಾಲ್ಕು. ಟ್ರ್ಯಾಪ್ ಎಂದರೆ ಮುಷ್ಟಿಗಾತ್ರದ ಕಬ್ಬಿಣದ ಸಾಧನ. ಪೈಪಿನಲ್ಲಿ ಉಗಿ ತಣಿದು ನಿಂತ ನೀರನ್ನು ಹೊರಬಿಟ್ಟು, ಉಗಿಯನ್ನು ಒಳಗೇ ತಡೆಯುವುದು ಅದರ ಕೆಲಸ. ಆರು ವಾರಗಳಲ್ಲಿ ಕಲ್ಲಿದ್ದಲಿನ ಬಳಕೆ ಹತ್ತರಲ್ಲೊಂದು ಪಾಲು ಇಳಿಯದಿದ್ದರೆ ಬಣ್ಣದ ವಿಭಾಗವನ್ನು ಮುಚ್ಚುವುದಾಗಿ ಮ್ಯಾನೇಜರು ಹೇಳಿದ್ದರು. ಇಳಿಸುವ ಹೊಣೆ ನನ್ನದು. ನನಗಾಗ ಇಪ್ಪತ್ತಾರು ವರ್ಷ. ಗಣಿತದ ಪದವಿ ಇತ್ತು, ಅನುಭವ ಇರಲಿಲ್ಲ.

ಬಾಯ್ಲರ್ ಮನೆಯ ಮೇಸ್ತ್ರಿ ನನ್ನ ಅಕ್ಕನ ಗಂಡ. ಮೊದಲ ವಾರ ನಾನು ಬರಿಯ ಪೈಪುಗಳಿಗೆಲ್ಲ ಹೊದಿಕೆ ಸುತ್ತಿಸಿದೆ. ಅಲ್ಲಿಯವರೆಗೆ ಕೆಲಸದವರು ಊಟದ ಡಬ್ಬಿಗಳನ್ನು ಆ ಪೈಪುಗಳ ಮೇಲಿಟ್ಟು ಬಿಸಿಮಾಡಿಕೊಳ್ಳುತ್ತಿದ್ದರು.

"ಏನಪ್ಪಾ ಲೆಕ್ಕದ ಮೇಷ್ಟ್ರೇ, ಪೈಪಿಗೆ ಕಂಬಳಿ ಹೊದಿಸಿ ನಮ್ಮ ಡಬ್ಬಿ ತಣ್ಣಗೆ ಮಾಡಿಬಿಟ್ಯಲ್ಲ," ಎಂದರು ಭಾವ.

"ಅದೂ ಲೆಕ್ಕದಲ್ಲಿದೆ, ಭಾವ."

"ಹಾಗಾದ್ರೆ ನಿಮ್ಮಕ್ಕನಿಗೆ ನೀನೇ ಹೇಳು. ನನಗಷ್ಟು ಧೈರ್ಯ ಇಲ್ಲ."

ಎರಡನೆಯ ವಾರ ಟ್ರ್ಯಾಪ್‌ಗಳ ಸರದಿ. ಎಡೆಬಿಡದೆ ಉಗಿ ಕಾರುತ್ತಿದ್ದವು ಐವತ್ತೆಂಟು. ಕೆಟ್ಟವು ಎಂದು ಬರೆದೆ. ಮುಟ್ಟಿದರೆ ತಣ್ಣಗಿದ್ದವು ಇಪ್ಪತ್ತಮೂರು. ಅವುಗಳಿಂದ ಉಗಿ ಹೊರಬರುತ್ತಿರಲಿಲ್ಲ. ನಷ್ಟವಿಲ್ಲದ್ದು ಒಳ್ಳೆಯದು ಎಂದು ಬರೆದೆ. ಭಾವ ಒಂದು ಮರದ ಕೋಲಿನ ತುದಿಯನ್ನು ಟ್ರ್ಯಾಪಿಗೆ ಊರಿ, ಇನ್ನೊಂದು ತುದಿಗೆ ಬಲಗಿವಿಯಿಟ್ಟು ಕೇಳುತ್ತ ಬಂದರು. ಆ ಇಪ್ಪತ್ತಮೂರಕ್ಕೂ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು.

"ಅದು ಸುಮ್ಮನಿಲ್ಲ ಕಣೋ, ಸತ್ತಿದೆ. ಒಳಗೆ ನೀರು ಕಟ್ಕೊಂಡಿದೆ."

ಉಗ್ರಾಣದಲ್ಲಿದ್ದ ಹೊಸ ಟ್ರ್ಯಾಪ್‌ಗಳು ಅರವತ್ತು ಮಾತ್ರ, ಉಗಿ ಕಾರುವ ಐವತ್ತೆಂಟಕ್ಕೇ ಸಾಲುವಷ್ಟು. ಗುರುತು ಕಂಡದ್ದನ್ನೆಲ್ಲ ಫಿಟ್ಟರು ಬದಲಿಸುತ್ತಾನೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒದ್ದೆ ಬಟ್ಟೆಯಿಂದ ಇಪ್ಪತ್ತಮೂರು ಗೆರೆಗಳನ್ನೂ ಒರೆಸಿದೆ.

ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಉಗಿ ಬಿಟ್ಟೊಡನೆ, ಪೈಪಿನಲ್ಲಿ ನಿಂತಿದ್ದ ನೀರನ್ನು ಅದು ಸುತ್ತಿಗೆಯಂತೆ ನೂಕಿತು. ಬಣ್ಣದ ವಿಭಾಗದ ಪೈಪಿನ ಜೋಡಣೆ ಸಿಡಿಯಿತು. ಹೊಗೆಯಂಥ ಬಿಳುಪಿನೊಳಗೆ ನುಗ್ಗಿ ವಾಲ್ವ್ ಮುಚ್ಚಿದವರು ಭಾವ. ಯಾರಿಗೂ ಸುಟ್ಟಗಾಯವಾಗಲಿಲ್ಲ. ಆ ಸದ್ದಿಗೆ ಅವರ ಬಲಗಿವಿ ಮಾತ್ರ ಅಂದೇ ಕಿವುಡಾಯಿತು.

ಮ್ಯಾನೇಜರು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ, "ವಾಲ್ವ್ ಆತುರದಲ್ಲಿ ತೆರೆದದ್ದು ನಾನು, ಸಾರ್. ಹುಡುಗನ ಲೆಕ್ಕ ಸರಿಯಾಗೇ ಇದೆ," ಎಂದರು. ಲೆಕ್ಕ ತಪ್ಪೆಂದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ವಿಭಾಗವೂ ಮುಚ್ಚುತ್ತಿತ್ತು. ಹೊಸ ಟ್ರ್ಯಾಪ್‌ಗಳನ್ನು ತರಿಸಿ ಇಪ್ಪತ್ತಮೂರನ್ನೂ ಸದ್ದಿಲ್ಲದೆ ಬದಲಿಸಿದೆವು. ಕಲ್ಲಿದ್ದಲು ನೂರಕ್ಕೆ ಹನ್ನೆರಡು ಇಳಿಯಿತು. ಶಹಭಾಸ್ ನನಗೆ, ಎಚ್ಚರಿಕೆಯ ಪತ್ರ ಅವರಿಗೆ.

ಕಳೆದ ತಿಂಗಳು ಗಿರಣಿಯ ಚಿಮಣಿ ಕೆಡವಿದರು. ಭಾವನ ಮನೆಯ ತಾರಸಿಯಿಂದ ನೋಡಿದೆವು. ಬಿಸಿ ಎಣ್ಣೆ, ಒದ್ದೆ ಬಟ್ಟೆ, ಸುಟ್ಟ ಕಲ್ಲಿದ್ದಲಿನ ಆ ವಾಸನೆ ಐವತ್ತು ವರ್ಷ ದಾಟಿ ಮೂಗಿಗೆ ಬಂತು. ನಾನು ಕುರ್ಚಿಯನ್ನು ಅವರ ಎಡಕ್ಕೆ ಎಳೆದುಕೊಂಡೆ.

"ಭಾವ, ಆ ಗುರುತು ಒರೆಸಿದ್ದು ನಾನು."

"ಗೊತ್ತು. ನಿನ್ನ ತೋಳೆಲ್ಲ ಸುಣ್ಣ ಆಗಿತ್ತು."

"ನಿಮ್ಮ ಕಿವಿ…"

"ಬಿಡೋ. ಸಿಡಿದ ಪೈಪಿನ ಟ್ರ್ಯಾಪಿಗೆ ನಾನು ಗುರುತೇ ಹಾಕಿರಲಿಲ್ಲ, ಮರೆತಿದ್ದೆ. ನಿನಗೂ ಅದಕ್ಕೂ ಸಂಬಂಧ ಇಲ್ಲ. ಈ ಕಿವಿಯಿಂದ ಲಾಭವೇ ಆಗಿದೆ, ನಿಮ್ಮಕ್ಕ ಬೈಯುವಾಗ ಇದನ್ನೇ ಅವಳ ಕಡೆ ತಿರುಗಿಸ್ತೀನಿ."

ಹಗುರವಾಗಿ ಮನೆಗೆ ಬಂದೆ. ಲೆಕ್ಕ ತಾಳೆ ನೋಡದೆ ಮಲಗುವ ಅಭ್ಯಾಸವಿಲ್ಲ. ೧೯೭೪ರ ಟಿಪ್ಪಣಿ ಪುಸ್ತಕ ತೆಗೆದೆ. ಸಿಡಿದ ಪೈಪಿನ ಟ್ರ್ಯಾಪಿನ ಸಂಖ್ಯೆ ೧೩೭. ಅದರ ಮುಂದೆ ನನ್ನದೇ ಕೈಬರಹ: ಗುರುತು ಇತ್ತು, ಒರೆಸಿದೆ.

ತಪ್ಪು ತಮ್ಮದೆಂದು ಅಂದು ಮ್ಯಾನೇಜರಿಗೆ ಹೇಳಿದಂಥದೇ ಸುಳ್ಳನ್ನು ಭಾವ ಈಗ ನನಗೂ ಹೇಳಿದ್ದರು. ಬಾಕಿ ತೀರಿಲ್ಲ.