ಬೈಗುಳದ ಬಾಬ್ತು

ಒಬ್ಬ ಗಂಡಸನ್ನು ಮೊದಲು ‘ಅಡ್ನಾಡಿ’ ಎಂದು ಕರೆದು ಆಮೇಲೆ ‘ಬಡ್ಡೆತ್ತದೇ’ ಅನ್ನಬೇಕೋ, ಇಲ್ಲ ‘ಬಡ್ಡೆತ್ತದೇ’ಯಿಂದ ಶುರುಮಾಡಿ ‘ಅಡ್ನಾಡಿ’ಗೆ ಏರಬೇಕೋ ಎಂಬುದು ಕಾವೇರಿ ನೀರಿನ ಹಂಚಿಕೆಗಿಂತ ಹಗುರವಾದ ಪ್ರಶ್ನೆ ಎಂದು ತಿಳಿದವರು ಆ ಕಸುಬು ಮಾಡದವರು. ನೀರಿನ ವ್ಯಾಜ್ಯಕ್ಕಾದರೆ ನ್ಯಾಯಮಂಡಳಿ ಇದೆ, ವಕೀಲರಿದ್ದಾರೆ, ಎರಡು ರಾಜ್ಯಗಳಿವೆ. ಇದಕ್ಕೆ ಇದ್ದದ್ದು ಇಂದ್ರಾಣಿ ಒಬ್ಬಳೇ. ನಂಜನಗೂಡಿನ ಹಳೇ ಬೀದಿಯೊಂದರ ಹಿತ್ತಲ ಮನೆಯಲ್ಲಿ, ಆಷಾಢದ ಒಂದು ಬೆಳಿಗ್ಗೆ, ಅವಳು ಕಾಫಿ ಆರುವ ತನಕ ಈ ವಿಚಾರವನ್ನೇ ಮಥಿಸಿ, ಕೊನೆಗೆ ‘ಅಡ್ನಾಡಿ’ ಮೊದಲು ಎಂದು ತೀರ್ಮಾನಿಸಿ ಸೀರೆ ಇಸ್ತ್ರಿ ಮಾಡಲು ಎದ್ದಳು.

ಇಂದ್ರಾಣಿಗೆ ವಯಸ್ಸು ಮೂವತ್ತಾರು. ಸೋಸಲೆ ಪಕ್ಕದ ಹಳ್ಳಿಯಲ್ಲಿ ಅವಳನ್ನು ಗಂಡುಹುಡುಗನ ಹೆಸರಿಟ್ಟು ಬೆಳೆಸಿದ್ದರು. ಆ ಹೆಸರು ಈಗ ರೇಷನ್ ಕಾರ್ಡಿನಲ್ಲೂ ಇಲ್ಲ. ಊರಿನಿಂದ ಅವಳು ತಂದದ್ದೆಂದರೆ ತಾಯಿ ಗೋವಿಂದಮ್ಮನ ನಾಲಿಗೆ ಮಾತ್ರ. ಗೋವಿಂದಮ್ಮ ಹೊಳೆದಂಡೆಯಲ್ಲಿ ನಿಂತು ಬೈದರೆ ಆಚೆ ದಡದ ದನ ಮೇವು ಬಿಟ್ಟು ತಲೆ ಎತ್ತುತ್ತಿದ್ದವಂತೆ. ಆ ಆಸ್ತಿಗೆ ಬೆಲೆ ಇದೆ ಎಂದು ಇಂದ್ರಾಣಿಗೆ ತಿಳಿದದ್ದು ತೀರ ಈಚೆಗೆ. ಫೋನಿನಲ್ಲಿ ಸೀರೆ ಉಡುವ ವಿಡಿಯೊ ಹಾಕುತ್ತಿದ್ದ ಕಾಲದಲ್ಲಿ ಯಾವನೋ ಒಬ್ಬ ಅಸಹ್ಯವಾಗಿ ಬರೆದ. ಉಳಿದವರಂತೆ ಬ್ಲಾಕ್ ಮಾಡುವ ಬದಲು ಇವಳು ಅವನಿಗೆ ವಾಯ್ಸ್ ಮೆಸೇಜಿನಲ್ಲಿ, ಉಸಿರು ತೆಗೆದುಕೊಳ್ಳದೆ, ವಂಶದ ಬುಡದಿಂದ ಚಿಗುರಿನ ತನಕ ಉಗಿದಳು. ಮಾರನೆ ದಿನ ಅವನಿಂದ ‘ತಪ್ಪಾಯ್ತು ಮೇಡಂ’ ಎಂದು ಬಂತು. ಅದರ ಹಿಂದೆಯೇ, ಇನ್ನೊಂದ್ಸಲ ಬಯ್ಯೋಕೆ ಎಷ್ಟು ತಗೋತೀರಿ ಎಂದೂ ಬಂತು.

ಹಾಗೆ ಶುರುವಾದದ್ದು ಈಗ ಹದಿನೆಂಟು ದಾಟಿದವರಿಗೆ ಮಾತ್ರ ಬಾಗಿಲು ತೆಗೆಯುವ ಒಂದು ಆ್ಯಪಿನಲ್ಲಿ ಅಂಗಡಿಯಾಗಿ ಕೂತಿತ್ತು. ಅಲ್ಲಿ ಉಳಿದವರು ಬಿಚ್ಚಿ ಸಂಪಾದಿಸಿದರೆ ಇಂದ್ರಾಣಿ ಉಟ್ಟು ಸಂಪಾದಿಸುತ್ತಿದ್ದಳು. ಮೈಸೂರು ಸಿಲ್ಕು, ತಲೆತುಂಬ ಮಲ್ಲಿಗೆ, ಭುಜಕ್ಕೆ ಒತ್ತಿ ಚುಚ್ಚಿದ ಪಿನ್ನು, ಕಾಲ ಮೇಲೆ ಕಾಲು. ಪಿನ್ನು ಮಾತ್ರ ಯಾವ ಬೆಲೆಗೂ ಕದಲುತ್ತಿರಲಿಲ್ಲ. ಬಿಚ್ಚಿ ಎಂದು ಬೇಡಿದವರಿಗೆ, ಅದನ್ನು ಕೇಳಿದ್ದಕ್ಕೇ ಬೇರೆ ಬೈಗುಳ, ಬೇರೆ ರೇಟು. ರವಿಕೆ ಹೊಲಿಯುತ್ತಿದ್ದವಳು ಟಿ. ನರಸೀಪುರದ ಕವನ, ಇವಳಂತೆಯೇ ಹೆಣ್ಣಾದವಳು, ಹಳೇ ಜತೆಗಾತಿ. ಪ್ರತಿ ಸಲವೂ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು, ಮಠದ ಸ್ವಾಮಿಗಳೂ ಇಷ್ಟು ಮುಚ್ಕೊಳಲ್ಲ ಕಣೇ ಎಂದು ರೇಗಿಸುತ್ತಿದ್ದಳು. ಬೈಸಿಕೊಳ್ಳುವವರಿಗೆ ಸಿಗುವ ಸುಖ ಯಾವ ಬಗೆಯದು ಎಂಬುದು ಇಂದ್ರಾಣಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಅವಳು ನಾಚಿದ್ದೂ ಇಲ್ಲ, ಅದನ್ನು ಕೆದಕಿದ್ದೂ ಇಲ್ಲ. ಸಿಹಿ ಮಾರುವವನು ಗಿರಾಕಿಯ ಸಕ್ಕರೆ ಕಾಯಿಲೆ ವಿಚಾರಿಸುತ್ತಾನೆಯೇ?

ದುಡಿಮೆ ಕೈಹಿಡಿಯಿತು, ಸಿಗದೆ ಹೋದದ್ದು ಮನೆ. ‘ನಮ್ ನೆಂಟರು ಬತ್ತಾವ್ರೆ’, ‘ಫ್ಯಾಮಿಲಿಗೆ ಮಾತ್ರ ಕೊಡದು’, ‘ಬೋರ್ಡ್ ತೆಗಿಯಾಕೆ ಮರ್ತೋಗದೆ’ ಎಂಬ ಮೂರು ಮಾತುಗಳನ್ನು ಇಂದ್ರಾಣಿ ನಿದ್ದೆಯಲ್ಲೂ ಒಪ್ಪಿಸಬಲ್ಲವಳಾಗಿದ್ದಳು. ಕೊನೆಗೆ ಬಾಗಿಲು ತೆಗೆದವರು ರುದ್ರಮ್ಮ. ಗೊಬ್ಬರದಂಗಡಿ ಇಟ್ಟಿದ್ದ ಗಂಡ ತೀರಿಕೊಂಡ ಮೇಲೆ ಮನೆಯ ಹಿಂಭಾಗವನ್ನು ಬಾಡಿಗೆಗೆ ಬಿಟ್ಟಿದ್ದ ಹೆಂಗಸು. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಬೀಗದ ಗೊಂಚಲು. ಇಂದ್ರಾಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮನೇಲಿ ಬಾಡು ಬೇಯಿಸಂಗಿಲ್ಲ, ಗಂಡಸ್ರು ಬರಂಗಿಲ್ಲ ಎಂದು ಎರಡೇ ಷರತ್ತು ಹಾಕಿದರು. ಕೆಲಸ ಏನೆಂದು ಕೇಳಿದ್ದಕ್ಕೆ ಇಂದ್ರಾಣಿ ‘ಕಸ್ಟಮರ್ ಕೇರ್’ ಅಂದಿದ್ದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಹೆಂಚಿನ ಮನೆ. ಎರಡು ಭಾಗಕ್ಕೂ ಸೂರು ಒಂದೇ. ನಡುವಿನ ಗೋಡೆ ಜಂತಿಯ ತನಕ ಹೋಗದೆ ಒಂದು ಮೊಳ ಕೆಳಗೇ ನಿಂತುಬಿಟ್ಟಿತ್ತು. ಈಚೆ ಸಾಸಿವೆ ಸಿಡಿದರೆ ಆಚೆ ಸೀನು ಬರುತ್ತಿತ್ತು. ಹಾಗಾಗಿ ಇಂದ್ರಾಣಿ ರೆಕಾರ್ಡಿಂಗ್ ಮಾಡುತ್ತಿದ್ದದ್ದು ಮಧ್ಯಾಹ್ನ, ರುದ್ರಮ್ಮ ಅಕ್ಕನ ಬಳಗಕ್ಕೆ ವಚನ ಹೇಳಲು ಹೋದ ಮೇಲೆ. ಆಷಾಢದ ಆ ದಿನ ರುದ್ರಮ್ಮ, ಸೊಂಟ ಹಿಡಿದಿದ್ದರಿಂದ ಬಳಗಕ್ಕೆ ಹೋಗದೆ, ಉಂಡು ಮಂಚದ ಮೇಲೆ ಅಡ್ಡಾಗಿದ್ದರು ಎಂಬುದು ಇವಳಿಗೆ ಹೇಗೆ ಗೊತ್ತಾಗಬೇಕು?

ಆವತ್ತಿನ ಗಿರಾಕಿ ಹುಬ್ಬಳ್ಳಿ ಕಡೆಯ ಕಾಂಟ್ರಾಕ್ಟರ್. ಜೆಸಿಬಿಗಳನ್ನು ಬಾಡಿಗೆಗೆ ಬಿಡುವವನು. ದಿನವಿಡೀ ಊರಿಗೆಲ್ಲ ತಾನೇ ಬೈದು ಸುಸ್ತಾಗಿ, ತನ್ನನ್ನು ಬಯ್ಯುವವರು ಭೂಮಿ ಮೇಲೆ ಒಬ್ಬರೂ ಇಲ್ಲವಲ್ಲ ಎಂದು ಕೊರಗಿ ಬಂದವನು. ಸೋಮಾರಿತನದ ಬಗ್ಗೆ ಬಯ್ಯಿರಿ ಎಂದು ಕೇಳಿದ್ದ. ಇಂದ್ರಾಣಿ ಸೆರಗು ಸರಿಮಾಡಿಕೊಂಡು, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಶುರುಮಾಡಿದಳು.

“ಲೇ ಅಡ್ನಾಡಿ, ಹೊಟ್ಟೆ ಬಿರಿಯ ತಿಂದು ಮಟಮಟ ಮಧ್ಯಾಹ್ನ ಕಾಲು ಚಾಚ್ಕೊಂಡು ಬಿದ್ದಿದೀಯಲ್ಲ, ನಾಚ್ಕೆ ಅನ್ನೋದು ಅದೆಯಾ? ಮೈ ಬಗ್ಸಿ ಒಂದು ಕಡ್ಡಿ ಎತ್ತಲ್ಲ. ಕೂತ ಕಡೆ ಬಾಡಿಗೆ ಎಣಿಸೋದೊಂದು ಗೊತ್ತು. ನಿನ್ನ ಮನೆ ಎಕ್ಕುಟ್ಟೋಗ, ಮೇಲಕ್ಕೇಳು.”

ಇಲ್ಲಿ ಆ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಯಾರನ್ನೂ ನೇರ ಬಯ್ಯುವ ಹಾಗಿಲ್ಲ. ನೇರ ಬೈದರೆ ಅದು ಜಗಳ, ಪೊಲೀಸು, ಪಂಚಾಯಿತಿ. ನೆಪ ಇಟ್ಟುಕೊಂಡು ಬೈದರೆ ಸಂಸಾರ. ಸೊಸೆಯ ಮೇಲಿನ ಸಿಟ್ಟಿಗೆ ಒರಳು, ಓರಗಿತ್ತಿಯ ಮೇಲಿನದಕ್ಕೆ ಕರು, ಪಕ್ಕದ ಮನೆಯವರದಕ್ಕೆ ಬಕೆಟ್ಟು. ಒಂಟಿ ಹೆಂಗಸು ಖಾಲಿ ಮನೆಯಲ್ಲಿ ನಿಂತು ಗಟ್ಟಿಯಾಗಿ ಬಯ್ಯುತ್ತಿದ್ದಾಳೆಂದರೆ ಅದು ಗೋಡೆಯಾಚೆಯವರಿಗಲ್ಲದೆ ಮತ್ಯಾರಿಗೆ? ಅದರಲ್ಲೂ ಆಚೆಯವರು ಆಗತಾನೆ ಉಂಡು ಕಾಲು ಚಾಚಿ, ಬಾಡಿಗೆಯಲ್ಲೇ ಬದುಕುತ್ತಿರುವಾಗ?

ಗೋಡೆಯ ಮೇಲಿಂದ ಉತ್ತರ ಬಂತು.

“ಲೇ ಬೆಕ್ಕೇ, ಯಾರ ಸೂರಿನ ಕೆಳಗೆ ನಿಂತ್ಕಂಡು ಯಾರಿಗೆ ಉಗುರು ತೋರುಸ್ತೀಯ? ಊರೆಲ್ಲ ಬಾಗ್ಲಾಕ್ಕಂಡಾಗ ಕರೆದು ಆಲು ಬಿಟ್ಟೋಳು ನಾನು. ನಾನು ಬಿದ್ಕಂಡ್ರೆ ನಿಂಗೇನು, ನಿಮ್ಮಪ್ಪನ ಮಂಚಾನಾ?”

ರುದ್ರಮ್ಮನ ಬೆಕ್ಕು ಆ ಹೊತ್ತಿನಲ್ಲಿ ಇಂದ್ರಾಣಿಯ ಕಿಟಕಿಯ ಮೇಲೆ, ಅವಳ ಕಣ್ಣೆದುರೇ, ಬಾಲ ಮಡಿಸಿಕೊಂಡು ಮಲಗಿತ್ತು. ಮಾತು ಬೆಕ್ಕಿಗಲ್ಲ ಎಂದು ಅರ್ಥಮಾಡಿಕೊಳ್ಳಲು ಅವಳು ಸೋಸಲೆ ಸೀಮೆಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು. ಅರ್ಥವಾಗದ್ದು ಕಾರಣ. ತಾನು ಬೈದದ್ದು ಹುಬ್ಬಳ್ಳಿಯವನಿಗೆ. ಈಯಮ್ಮ ಯಾಕೆ ಕೆರಳಬೇಕು? ಕಸುಬು ಗೊತ್ತಾಗಿಬಿಟ್ಟಿದೆ, ಇನ್ನೇನೂ ಇಲ್ಲ. ಆತುರದಲ್ಲಿ ರೆಕಾರ್ಡಿಂಗ್ ಅಳಿಸಲು ಹೋಗಿ ಬೆರಳು ತಪ್ಪಿ ಕಳಿಸಿಯೇ ಬಿಟ್ಟಳು.

ಅಲ್ಲಿಂದ ಮುಂದೆ ಇಂದ್ರಾಣಿ ದುಪ್ಪಟಿ ಹೊದ್ದು ಪಿಸುಗುಟ್ಟುತ್ತ ಬಯ್ಯತೊಡಗಿದಳು. ಪಿಸುಮಾತಿನಲ್ಲಿ ‘ಬಡ್ಡೆತ್ತದೇ’ ಎಂದರೆ ಹರಕೆ ಹೊತ್ತಂತೆ ಕೇಳಿಸುತ್ತದೆ. ಮೇಡಂ ಹುಷಾರಿಲ್ವಾ ಎಂದು ಗಿರಾಕಿಗಳು ವಿಚಾರಿಸಿದರು. ಒಬ್ಬ ಕಷಾಯದ ವಿಧಾನ ಬರೆದು ಕಳಿಸಿದ, ಇನ್ನಿಬ್ಬರು ಚಂದಾ ನಿಲ್ಲಿಸಿದರು.

ಇತ್ತ ರುದ್ರಮ್ಮ ಮಾತು ಬಿಟ್ಟರು. ಬಾವಿಕಟ್ಟೆಯ ಹತ್ತಿರ ಇಂದ್ರಾಣಿ ಎದುರಾದ ಒಂದು ಬೆಳಿಗ್ಗೆ ಅವರು ತಮ್ಮ ನೀಲಿ ಬಕೆಟ್ಟಿನ ಕಡೆ ತಿರುಗಿ, ಆಷಾಢದಲ್ಲಿ ಯಾರನ್ನೂ ಮನೆ ಬಿಡ್ಸಬಾರದು ಅಂತ ಸುಮ್ಕಿದೀನಿ, ಶ್ರಾವಣ ಉಟ್ತಿದ್ದಂಗೇ ಇತ್ಲ ಮನೆ ಖಾಲಿ ಮಾಡ್ಸಿ ಸುಣ್ಣ ಒಡಿಸ್ಬೇಕು ಎಂದು ತಿಳಿಸಿದರು. ನೋಟಿಸು ಜಾರಿಯಾದದ್ದು ಹೀಗೆ. ಅದಕ್ಕೆ ಮೇಲ್ಮನವಿ ಹಾಕುವುದಾದರೂ ಹೇಗೆ? ಬಕೆಟ್ಟಿಗೆ ಆಡಿದ ಮಾತಿಗೆ ಬಕೆಟ್ಟೇ ಉತ್ತರ ಕೊಡಬೇಕು.

ಇಂದ್ರಾಣಿ ಬಸ್ಸು ಹತ್ತಿ ನರಸೀಪುರಕ್ಕೆ ಹೋದಳು. ಕವನ ಅಂಗಡಿಗೆ ಬೀಗ ಹಾಕಿ ಇವಳ ಜತೆ ಬೀದಿ ಬೀದಿ ಅಲೆದಳು. ಬಸ್ ಸ್ಟ್ಯಾಂಡಿನ ಹಿಂದೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೇ ಕೂತು ಎಲೆ ಅಡಿಕೆ ಹಾಕುತ್ತಿದ್ದ ಚಿಕ್ಕಬಸಪ್ಪ ಎಂಬಾತ, ಇವರಿಬ್ಬರನ್ನೂ ನೋಡಿ, ಬೋರ್ಡನ್ನೂ ನೋಡಿ, ತೆಗಿಯಾಕೆ ಮರ್ತೋಗದೆ ಕಣವ್ವ ಎಂದ. ಇಂದ್ರಾಣಿಗೆ ನಗು ಬಂತು. ಆದರೆ ಊರೂರು ಸುತ್ತಿ ಮತ್ತೆ ಅದೇ ಮೂರು ಮಾತು ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಕವನ ಟೀ ಕುಡಿಸುತ್ತ ರೇಗಿಸಿದಳು. “ದುಬೈ ಗಿರಾಕಿಗಳ್ಗೆಲ್ಲ ಬೈತೀಯ, ಒಂದು ಮುದುಕಿ ಮುಂದೆ ಬಾಯ್ ಬರಲ್ವೇನೇ?”

ಆಮೇಲೆ ಉಪಾಯವನ್ನೂ ಅವಳೇ ಹೇಳಿಕೊಟ್ಟಳು. ನಾಟಕದ ಪ್ರಾಕ್ಟೀಸು ಅಂದುಬಿಡು, ಈ ಸೀಮೇಲಿ ನಾಟಕ ಅಂದ್ರೆ ಕೊಲೆಗೂ ಮಾಫಿ ಇದೆ.

ಸಾಯಂಕಾಲ ನಂಜನಗೂಡಿಗೆ ಬಂದವಳೇ ಇಂದ್ರಾಣಿ ಜಗಲಿಯ ಮುಂದೆ ನಿಂತಳು. ರುದ್ರಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದರು. ಇಂದ್ರಾಣಿ ಪದ್ಧತಿ ಮುರಿದು, ಬೆಕ್ಕು ಬಕೆಟ್ಟು ಯಾವುದೂ ನಡುವೆ ಇಲ್ಲದೆ, ನೇರವಾಗಿ ಕೇಳಿದಳು.

“ಅಮ್ಮಾ, ನನ್ನಿಂದ ಏನು ತಪ್ಪಾಯ್ತು?”

ಇಷ್ಟು ಬೆತ್ತಲೆ ಮಾತನ್ನು ರುದ್ರಮ್ಮ ಬಹಳ ವರ್ಷದಿಂದ ಕೇಳಿರಲಿಲ್ಲ. ಅಲಸಂದೆಯ ಮೊರವನ್ನು ಪಕ್ಕಕ್ಕಿಟ್ಟು, ತಿಂದು ಬಿದ್ಕತೀನಿ ಅಂದೆ, ಬಾಡಿಗೆ ಎಣುಸ್ತೀನಿ ಅಂದೆ, ಅಡ್ನಾಡಿ ಅಂದೆ ಎಂದು ಒಂದೂ ಬಿಡದೆ ಒಪ್ಪಿಸಿದರು. ಇಂದ್ರಾಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇನ್ನೊಂದೂ ಹೊಳೆಯಿತು. ಈಯಮ್ಮನಿಗೆ ಕಸುಬಿನ ವಿಷಯ ಏನೂ ಗೊತ್ತಾಗಿಲ್ಲ. ಈಗ ಬಾಯಿಬಿಟ್ಟರೆ ಮಾತ್ರ ಗೊತ್ತಾಗುತ್ತದೆ.

ನಾಟಕದ ಪ್ರಾಕ್ಟೀಸಮ್ಮ ಎಂದಳು. ಯಾವ ನಾಟಕ, ಯಾವತ್ತು, ನಿನ್ನೆದ್ರು ಪಾರ್ಟು ಯಾರು, ನಂಗೂ ಒಂದು ಚಾಪೆ ಮಡಗ್ಸು ಎಂದರು ರುದ್ರಮ್ಮ. ಮೂರು ಪ್ರಶ್ನೆ, ಒಂದು ಚಾಪೆಯ ಭಾರಕ್ಕೆ ನಾಟಕ ಅಲ್ಲೇ ಬಿದ್ದುಹೋಯಿತು. ಇಂದ್ರಾಣಿ ಮೆಟ್ಟಿಲ ಮೇಲೆ ಕೂತಳು. ಆದದ್ದಾಗಲಿ ಎಂದು, ಆ್ಯಪು, ಹುಬ್ಬಳ್ಳಿಯವನು, ಸೀರೆ, ಪಿನ್ನು ಎಲ್ಲವನ್ನೂ ಹೇಳಿದಳು. ಕೇಳುವವರಿಗೆ ಸಿಗುವುದು ಗಂಡಸರ ಆ ಬಗೆಯ ಖುಷಿಯೇ ಎಂಬುದನ್ನೂ, ನೆಲ ನೋಡಿಕೊಂಡು, ಬಿಡದೆ ಹೇಳಿದಳು.

ರುದ್ರಮ್ಮ ಮಡಿಲಲ್ಲಿ ಬಿದ್ದಿದ್ದ ಸಿಪ್ಪೆಗಳನ್ನು ಕೊಡವಿದರು. ಅವರ ಮುಖದಲ್ಲಿ ಓಡುತ್ತಿದ್ದದ್ದು ಸಿಟ್ಟೋ ಹೇಸಿಗೆಯೋ ಇಂದ್ರಾಣಿಗೆ ತಿಳಿಯಲಿಲ್ಲ. ಎರಡೂ ಆಗಿರಲಿಲ್ಲ.

“ದುಡ್ಡು ಕೊಟ್ಟು ಬೈಸ್ಕತಾರಾ?” ಎಂದರು ಕೊನೆಗೆ. “ನಮ್ ಯಜಮಾನ್ರಿಗೆ ಅವ್ರು ಸಾಯೋಗಂಟ ಪುಗಸಟ್ಟೆ ಬೈದ್ನಲ್ಲೇ.”

ಆಮೇಲೆ ವಿಚಾರಣೆ ನಡೆಯಿತು. ಗಂಡಸರು ಬರಬಾರದು ಅಂದಿದ್ದೆನಲ್ಲ ಎಂದು ಕೇಳಿದ್ದಕ್ಕೆ ಇಂದ್ರಾಣಿ, ಬಂದಿಲ್ಲಮ್ಮ, ಬೈಸ್ಕೊಂಡು ಅಲ್ಲಿಂದಲ್ಲೇ ಹೋಗ್ತಾರೆ ಎಂದಳು. ಮೈ ತೋರಿಸುತ್ತೀಯಾ ಎಂದಿದ್ದಕ್ಕೆ ಫೋನನ್ನೇ ಅವರ ಕೈಗೆ ಕೊಟ್ಟಳು. ರುದ್ರಮ್ಮ ಕನ್ನಡಕ ಹಾಕಿಕೊಂಡು ಆವತ್ತಿನ ವಿಡಿಯೊವನ್ನು ಪೂರ್ತಿ ನೋಡಿದರು. ರವಿಕೆಯ ಕತ್ತು ನೋಡಿ, ಇಷ್ಟು ಮೇಲಕ್ಕೆ ಒಲಿಸಿದೀಯಲ್ಲ, ಉಸ್ರು ಕಟ್ಟಲ್ವಾ ಎಂದರು. ಅಷ್ಟರಲ್ಲಿ ಫೋನಿನಿಂದ ಬೆಕ್ಕಿಗೆ ಬೈದ ಅವರದೇ ದನಿ ಹೊರಟಿತು. ಅವರು ಬೆಚ್ಚಿ, ಇದೂ ಅವ್ನಿಗೆ ಓಯ್ತಾ ಎಂದರು.

ಹೋಯಿತು ಎಂದು ಇಂದ್ರಾಣಿ ತಲೆ ತಗ್ಗಿಸಿ ಒಪ್ಪಿಕೊಂಡಳು.

“ಏನಂದ?”

“ಹಿಂದಿನೋರ ದನಿ ಭಾರಿ ಖಡಕ್ ಐತ್ರಿ ಅಂದ.”

ರುದ್ರಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. ಒಂದಿಷ್ಟು ಅಲಸಂದೆ ಸುಲಿದರು. ಮತ್ತೆ, ಏನಂದ ಅಂದೆ ಎಂದು ಕೇಳಿದರು. ಇಂದ್ರಾಣಿ ಇನ್ನೊಮ್ಮೆ ಹೇಳಿದಳು. ಆ ದನಿ ಮಾತ್ರ ಇನ್ನು ಆಚೆ ಹೋಗಕೂಡದು, ನಾನು ಮಾನವಂತೆ ಎಂದರು ರುದ್ರಮ್ಮ. ಹೇಳುವಾಗ ಮಾತಿನಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಆದರೆ ಮನೆಯ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಅವರಿಗೆ ನಿಜವಾಗಿ ಚುಚ್ಚಿದ್ದು ಬೇರೆ ಇತ್ತು. ನಮ್ಮ ಸೂರಿನಡಿ ನಿಂತು ‘ಮನೆ ಎಕ್ಕುಟ್ಟೋಗ’ ಅಂತೀಯಲ್ಲ, ಮೇಲೆ ಓಡಾಡೋ ಅಸ್ತು ದೇವತೆಗಳು ಅಸ್ತು ಅಂದರೆ ಹಾಳುಮನೆಯ ಎಕ್ಕದ ಗಿಡ ಬೆಳೆಯುವುದು ಹುಬ್ಬಳ್ಳಿಯಲ್ಲೋ ನನ್ನ ಅಂಗಳದಲ್ಲೋ ಎಂದು ಕೇಳಿದರು. ಇದು ಇಂದ್ರಾಣಿಗೆ ಹೊಳೆದೇ ಇರಲಿಲ್ಲ. ಅವಳು ನಿಜವಾಗಿಯೂ ಹೆದರಿ, ಕೈ ಜೋಡಿಸಿ, ಮನೆಯ ತಂಟೆಗೆ ಇನ್ನು ಹೋಗುವುದಿಲ್ಲ ಎಂದಳು. ಬಯ್ಯಲು ಗಿರಾಕಿಯ ಮೂತಿ, ಮೀಸೆ, ನಡತೆ ಎಲ್ಲ ಇರುವಾಗ ಮನೆ ಯಾತಕ್ಕೆ ಎಂದು ರುದ್ರಮ್ಮ ಒಪ್ಪಿದರು. ಸೋಮವಾರ ಬೈಗುಳ ಪೂರ್ತಿ ಬಂದ್ ಎಂಬುದೂ ಸೇರಿತು.

ಎದ್ದು ಒಳಹೋಗುವಾಗ ಅವರು ಹೊಸ್ತಿಲ ಮೇಲೆ ನಿಂತು, ಬೆಕ್ಕು ಬಕೆಟ್ಟು ಯಾವುದನ್ನೂ ಹುಡುಕದೆ, ಇಂದ್ರಾಣಿಯ ಮುಖವನ್ನೇ ನೋಡಿದರು.

“ಇಷ್ಟು ಸಂಪಾದ್ನೆ ಇರೋಳು ಆ ಚಿಲ್ರೆ ಬಾಡಿಗೆ ಕೊಟ್ಕಂಡು ಕೂತಿದೀಯಲ್ಲ, ನಾಚ್ಕೆ ಆಗಲ್ವಾ?”

ಶ್ರಾವಣ ಬಂತು. ಇಂದ್ರಾಣಿ ಮನೆ ಖಾಲಿ ಮಾಡಲಿಲ್ಲ. ಬಾಡಿಗೆ ಜಾಸ್ತಿಯಾಯಿತು.