ಪ್ರೆಸ್ಸಿನ ಲಾಕ್

“ಆ ಮೆಷಿನ್ನಿನಿಂದ ಕೈ ತೆಗಿ! ಇಲ್ಲದಿದ್ದರೆ ಮುರಿದು ಮಡಿಲಿಗೆ ಹಾಕ್ತೇನೆ!” ಮನೀಷ್ ಬಾಗಿಲಲ್ಲೇ ಗರ್ಜಿಸಿದ.

ಊಟಕ್ಕೆ ಹೋದ ಪ್ರೆಸ್ಸಿನ ಯಜಮಾನ ಇಷ್ಟು ಬೇಗ ಬಂದಾನೆಂದು ಶಹಲಾ ಎಣಿಸಿರಲಿಲ್ಲ. ಆದರೂ ಮೆಷಿನ್ನಿನ ಪಕ್ಕದಿಂದ ಕದಲಲಿಲ್ಲ. ಬಂಟ್ವಾಳ ಪೇಟೆಯ ಈ ಪ್ರೆಸ್ಸಿನ ಕಂಪ್ಯೂಟರಿನೊಳಗೆ ಅವಳ ಅರ್ಧ ಆಯುಸ್ಸು ಕೂತಿತ್ತು: ಬ್ಯಾರಿ ಮುಸ್ಲಿಂ ಅಜ್ಜಿಯಂದಿರ ಮದುವೆ ಹಾಡುಗಳು. ಮೂಡುಬಿದಿರೆಯಲ್ಲಿ ಪಾಠ ಹೇಳುತ್ತ, ರಜೆ ಸಿಕ್ಕಿದಾಗಲೆಲ್ಲ ಮನೆಮನೆ ಅಲೆದು ಬರೆದುಕೊಂಡದ್ದು. ತಮ್ಮ ಸ್ವರ ಕಂಡಕಂಡವರ ಫೋನಿನಲ್ಲಿ ತಿರುಗುವುದು ಬೇಡ ಎಂದು ಅಜ್ಜಿಯಂದಿರು ರೆಕಾರ್ಡ್ ಮಾಡಲು ಬಿಟ್ಟಿರಲಿಲ್ಲ. ಉಳಿದದ್ದು ಬರಹವೊಂದೇ. ಎಲ್ಲರೂ ಮಾಡುವ ಹಾಗೆ ಅವಳೂ ಅದನ್ನು ಪ್ರೆಸ್ಸಿಗೆ ಕೊಟ್ಟು ನಿಶ್ಚಿಂತೆಯಿಂದಿದ್ದಳು. ಟೈಪ್ ಆದ ಮೇಲೆ ಕೈಬರಹ ಗುಜರಿಗೆ ಹೋಗಿತ್ತು. ಹಾಡಿದವರಲ್ಲಿ ಹೆಚ್ಚಿನವರು ಈಗ ಬದುಕಿಲ್ಲ.

ಪುಸ್ತಕ ಮಾಡಬೇಕಾದರೆ ಹಾಡುಗಳ ಹಕ್ಕು ಪೂರ್ತಿ ತನಗೇ ಬೇಕೆಂದು ಮನೀಷ್. ಬೇಕಾದವರೆಲ್ಲ ಓದುವಂತಾಗಬೇಕೆಂದು ಶಹಲಾ. ಅವನ ಧೈರ್ಯವೆಲ್ಲ ಒಂದು ಲಾಕಿನಲ್ಲಿತ್ತು. ಆ ಹಳೆಯ ಕನ್ನಡ ಸಾಫ್ಟ್‌ವೇರು ತೆರೆಯಬೇಕಾದರೆ ಕಂಪ್ಯೂಟರಿನ ಹಿಂದೆ ಹೆಬ್ಬೆರಳಿನಷ್ಟು ದೊಡ್ಡ ಲಾಕ್ ಸಿಕ್ಕಿಸಿರಬೇಕು. ಬೇರೆಲ್ಲಿ ತೆರೆದರೂ ಅಕ್ಷರವೆಲ್ಲ ಕೋಳಿ ಕೆದಕಿದ ಹಾಗೆ ಕಾಣುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದವನು ಲಾಯಿಲದ ಶೋಧನ್, ಅವಳ ಹಳೆಯ ವಿದ್ಯಾರ್ಥಿ. ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಹಂಚಬಹುದಾದ ಸಾಫ್ಟ್‌ವೇರು ಬರೆಯುವ ಹುಚ್ಚು ಅವನದು.

“ಒಂದು ನಿಮಿಷ ಮಾರಾಯ್ರೇ, ಕಾಪಿ ಆಗ್ತಾ ಉಂಟು. ಟೀಚರದ್ದೇ ಫೈಲಲ್ವಾ,” ಎಂದ, ತಿರುಗಿಯೂ ನೋಡದೆ.

ತಿರುಗಿ ನೋಡಬೇಕಿತ್ತು. ಮನೀಷ್ ಸ್ಟೂಲು ಎತ್ತಿ ಅವನ ಬೆನ್ನಿಗೆ ಬಾರಿಸಿದ. ಶೋಧನನ ಮುಖ ಮೇಜಿನ ಅಂಚಿಗೆ ಬಡಿದು ತುಟಿ ಸೀಳಿತು. ಎದ್ದವನೇ ಮನೀಷನ ಹೊಟ್ಟೆಗೆ ತಲೆಯಿಂದ ಗುದ್ದಿದ. ಇಬ್ಬರೂ ಯಾರದೋ ಮದುವೆ ಕಾಗದದ ಕಟ್ಟುಗಳ ಮೇಲೆ ಉರುಳಿ ಹೊಡೆದಾಡುವಾಗ ಶಹಲಾ ಕಾಪಿ ಮುಗಿದ ಪೆನ್‌ಡ್ರೈವ್ ಕಿತ್ತುಕೊಂಡಳು. ಮನೀಷ್ ಹಾರಿ ಬಂದು ಅವಳ ಮಣಿಕಟ್ಟು ತಿರುಚಿದ. ಅವಳು ಅವನ ಕೈಯನ್ನು ರಕ್ತ ಬರುವವರೆಗೆ ಕಚ್ಚಿದಳು.

“ಅಯ್ಯಯ್ಯೋ! ನಾಯಿ ಹಾಗೆ ಕಚ್ಚುವುದಾ ಟೀಚರ್?”

“ಬಿಡಿ, ಇಲ್ಲದಿದ್ದರೆ ಇನ್ನೂ ಕಚ್ತೇನೆ!”

ಬಿಟ್ಟ. ಏದುಸಿರು ಬಿಡುತ್ತ, “ಕೊಂಡುಹೋಗಿ! ಲಾಕ್ ಇಲ್ಲದೆ ಹೇಗೆ ಓದ್ತೀರಿ, ನಾನೂ ನೋಡ್ತೇನೆ!” ಎಂದವನೇ ಲಾಕನ್ನು ಕಿತ್ತು ನೆಲಕ್ಕಿಟ್ಟು ಸುತ್ತಿಗೆಯಿಂದ ಜಜ್ಜಿದ. ಮತ್ತೆ ಜಜ್ಜಿದ. ಹುಡಿಯಾದ ಮೇಲೂ ಎತ್ತಿದ ಸುತ್ತಿಗೆ ಅರ್ಧದಲ್ಲೇ ನಿಂತಿತು. ಪ್ರೆಸ್ಸಿನ ಇಷ್ಟು ವರ್ಷದ ಪುಸ್ತಕ, ಸ್ಮರಣ ಸಂಚಿಕೆ, ಎಲ್ಲವೂ ಆ ಲಾಕನ್ನೇ ನಂಬಿಕೊಂಡಿದ್ದವು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಶೋಧನ್ ರಕ್ತ ಉಗುಳಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಪೆನ್‌ಡ್ರೈವ್ ಚುಚ್ಚಿ, ತಾನು ಬರೆದ ಪ್ರೋಗ್ರಾಂ ಓಡಿಸಿದ. ಮೊದಲು ಬರೀ ಗೀಚು. ಶಹಲಾ ಸ್ಕ್ರೀನಿಗೆ ಮುಖ ತಾಗುವಷ್ಟು ಬಗ್ಗಿದಳು. ಆಮೇಲೆ ಸಾಲಿನ ಹಿಂದೆ ಸಾಲು, ಮದುಮಗಳಿಗೆ ಮದರಂಗಿ ಹಚ್ಚುವ ಹಾಡು ಶುದ್ಧ ಕನ್ನಡ ಅಕ್ಷರದಲ್ಲಿ ಇಳಿದು ಬಂತು.

“ನನ್ನ ಫೈಲಿಗೂ... ಆಗ್ತದಾ?” ಮನೀಷ್ ಸುತ್ತಿಗೆ ಕೆಳಗಿಟ್ಟು ಕೇಳಿದ.

“ಆಗ್ತದೆ. ಹಾಡು, ಪ್ರೋಗ್ರಾಂ ಎರಡನ್ನೂ ನೆಟ್ಟಿಗೆ ಹಾಕುವ. ಯಾರಿಗೆ ಬೇಕಾದ್ರೂ ಸಿಗ್ತದೆ,” ಎಂದ ಶೋಧನ್.

“ಇವರಿಗೂ?” ಶಹಲಾ ಊದಿದ ಮಣಿಕಟ್ಟು ಹಿಡಿದುಕೊಂಡು ಕೇಳಿದಳು.

“ಇವರಿಗೂ. ಹಂಚುವ ಷರತ್ತಿನಲ್ಲಿ ಹೊಡೆದವರಿಗೆ ಇಲ್ಲ ಅಂತ ಬರೆದರೆ ನಾವೂ ಲಾಕ್ ಹಾಕಿದ ಹಾಗೇ ಅಲ್ವಾ ಟೀಚರ್?”

“ಮತ್ತೆ ನನ್ನ ಸಿಟ್ಟನ್ನು ಎಲ್ಲಿ ಹಾಕ್ಲಿ ಮಾರಾಯ?”

ಶೋಧನ್ ನಗಲು ಹೋಗಿ ತುಟಿ ಹಿಡಿದುಕೊಂಡ. ಶಹಲಾ ಮೇಜಿನ ಮೇಲಿದ್ದ ಪೇಪರ್‌ವೇಟ್ ಎತ್ತಿ ಗಾಜಿನ ಬಾಗಿಲಿಗೆ ಬೀಸಿದಳು. ಗಾಜು ರಸ್ತೆಯವರೆಗೂ ಚೆಲ್ಲಿತು. ಆಮೇಲೆ ಲ್ಯಾಪ್‌ಟಾಪಿನ ಮುಂದೆ ಬಂದು ಕೂತು, ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡು, ಎರಡನ್ನೂ ನೆಟ್ಟಿಗೆ ಹಾಕುವ ಗುಂಡಿ ಒತ್ತಿದಳು.